ಜ್ಯೂರಿ ಕೋಣೆಯೊಳಗೆ ಒಬ್ಬರೇ ಕೇಸು ತಿರುಗಿಸಿಬಿಡಬಹುದಾ?

ಮೊಗ್ಗಿನಜಡೆ · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾಕ್ಕೆ ಬಂದು ಹದಿನಾರು ವರ್ಷ ಆಯ್ತು, ಹೋದ ವರ್ಷ ಸಿಟಿಜನ್‌ಶಿಪ್ ಸಿಕ್ಕಿತು. ಈ ವಾರ ಫೆಡರಲ್ ಕೋರ್ಟಿನಿಂದ ಜ್ಯೂರಿ ಸಮನ್ಸ್ ಬಂದಿದೆ. ಜ್ಯೂರಿ ಅಂದರೆ ಕೋರ್ಟಿನಲ್ಲಿ ಕೂತು ಕೇಸು ಕೇಳಿ ತೀರ್ಪು ಕೊಡೋ ಸಾಮಾನ್ಯ ಜನರ ಗುಂಪು. ಲಕೋಟೆ ಮೇಲೆ ಕೋರ್ಟಿನ ಹೆಸರು ನೋಡಿದ್ದೇ ಎದೆ ಧಸಕ್ಕೆಂದಿತು. ಶಿವಮೊಗ್ಗದಲ್ಲಿ ನಮ್ಮಪ್ಪ ಗದ್ದೆ ಬದುವಿನ ಜಗಳಕ್ಕೆ ಹನ್ನೊಂದು ವರ್ಷ ಕೋರ್ಟಿಗೆ ಅಲೆದವರು. ಕೋರ್ಟು ಅಂದರೆ ನನಗೆ ಅವರ ಸವೆದ ಚಪ್ಪಲಿ, ತಿಂಗಳಿಗೊಂದು ವಾಯಿದೆ ಅಷ್ಟೇ. ಈಗ ನನ್ನನ್ನೇ ಕರೆದು ಕೂರಿಸಿ ತೀರ್ಪು ಕೊಡಿ ಅಂತಾರೆ.

ಕೂಟದ ಊಟಕ್ಕೆ ಹೋದಾಗ ಈ ವಿಷಯ ತೆಗೆದೆ. ಒಬ್ಬ ಹಿರಿಯರು ಹೇಳಿದರು: "ದೊಡ್ಡ ಕಂಪನಿ ಕೇಸುಗಳಲ್ಲಿ ಒಳಗೆ ಯಾರೋ ಒಬ್ಬ ಇರ್ತಾನಮ್ಮ. ಉಳಿದವರನ್ನೆಲ್ಲ ಅವನೇ ಎಳಕೊಂಡು ಹೋಗ್ತಾನೆ." ಇನ್ನೊಬ್ಬರು ಅದೆಲ್ಲ ಸಿನಿಮಾದಲ್ಲಿ ಮಾತ್ರ ಅಂದರು. ಮನೆಗೆ ಬಂದ ಮೇಲೂ ತಲೆಯಿಂದ ಹೋಗಲಿಲ್ಲ. ನಿಜವಾಗಿ ಹೀಗೆ ಆಗಿದೆಯಾ? ತಿಳಿದವರು ದಯವಿಟ್ಟು ಹೇಳಿ. ನನಗಿರೋ ಹೆದರಿಕೆ ಆ ಒಬ್ಬ ಮನುಷ್ಯನ ಬಗ್ಗೆಗಿಂತ, ಅವನು ಎಳೆದಾಗ ಹಿಂದೆ ಹೋಗೋ ಜನರಲ್ಲಿ ನಾನೂ ಒಬ್ಬಳಾಗ್ತೀನಾ ಅನ್ನೋದು.

ಚಿಪ್ಪುಗಾರ · ಭಾನುವಾರ ರಾತ್ರಿ

ಅಕ್ಕ, ನಾನು ಸ್ಯಾನ್ ಹೋಸೆಯಲ್ಲೇ ಇರೋದು. ನೀವು ಕೇಳಿದ್ದಕ್ಕೆ ಹತ್ತಿರದ ಕೇಸು ನಮ್ಮೂರಿನ ಕೋರ್ಟಲ್ಲೇ ಆಗಿದೆ. 2012ರ ಆಪಲ್-ಸ್ಯಾಮ್‌ಸಂಗ್ ಕೇಸು. ನಮ್ಮ ಪೇಟೆಂಟ್‌ಗಳನ್ನು, ಅಂದರೆ ನಾವು ಕಂಡುಹಿಡಿದದ್ದರ ಮೇಲಿನ ಹಕ್ಕನ್ನು, ಸ್ಯಾಮ್‌ಸಂಗ್ ಮೀರಿದೆ ಅಂತ ಆಪಲ್ ಹಾಕಿದ್ದು. ಆಗ ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ಬೇರೆ ಮಾತೇ ಇರಲಿಲ್ಲ.

ಜಡ್ಜ್ ಲೂಸಿ ಕೊ. ಜುಲೈ 30ಕ್ಕೆ ಶುರುವಾದ ವಿಚಾರಣೆ. ಕೊನೆಗೆ ಉಳಿದ ಜ್ಯೂರರುಗಳು ಒಂಬತ್ತೇ ಜನ. ಅವರ ಕೈಗೆ ಕೊಟ್ಟ ಕಾನೂನಿನ ಸೂಚನೆಗಳೇ 109 ಪುಟ. ಯಾವ ಫೋನು, ಯಾವ ಪೇಟೆಂಟು, ಉಲ್ಲಂಘನೆ ಆಗಿದೆಯೋ ಇಲ್ಲವೋ, ಆಗಿದ್ದರೆ ಎಷ್ಟು ದುಡ್ಡು ಅಂತ ತುಂಬಬೇಕಾದ ತೀರ್ಪಿನ ಫಾರಂನಲ್ಲಿ 700ಕ್ಕೂ ಹೆಚ್ಚು ಪ್ರಶ್ನೆ. ಇಂಥದ್ದಕ್ಕೆ ವಾರಗಟ್ಟಲೆ ಬೇಕು ಅಂತ ಎಲ್ಲರೂ ಅಂದುಕೊಂಡಿದ್ದರು. ಮೂರೇ ದಿನದಲ್ಲಿ, ಆಗಸ್ಟ್ 24ಕ್ಕೆ, ಸ್ಯಾಮ್‌ಸಂಗ್ 105 ಕೋಟಿ ಡಾಲರ್ ಕೊಡಬೇಕು ಅಂತ ತೀರ್ಪು ಬಂತು.

ಅದನ್ನು ಓದಿ ಹೇಳುವಾಗಲೇ ಲೋಪ ಸಿಕ್ಕಿತು. ಒಂದು ಟ್ಯಾಬ್ಲೆಟ್ ಬಗ್ಗೆ ಪೇಟೆಂಟ್ ಉಲ್ಲಂಘನೆಯೇ ಆಗಿಲ್ಲ ಅಂತ ಬರೆದು, ಅದಕ್ಕೇ 2,19,694 ಡಾಲರ್ ಪರಿಹಾರ ಅಂತಲೂ ಬರೆದಿದ್ದರು! ಇನ್ನೊಂದು ಫೋನಿಗೂ ಹಾಗೇ. ಅಲ್ಲೇ ತಿದ್ದಿಸಿ ಮೊತ್ತವನ್ನು ಸ್ವಲ್ಪ ಇಳಿಸಿದರು.

ಇನ್ನು ಫೋರ್‌ಮನ್, ಅಂದರೆ ಜ್ಯೂರಿಯ ಮುಖ್ಯಸ್ಥರ ವಿಷಯಕ್ಕೆ ಬರ್ತೀನಿ. ಹೆಸರು ಬೇಡ, ಪಾಪ, ಸಾಮಾನ್ಯ ನಾಗರಿಕರು. ಅವರು ಎಂಜಿನಿಯರ್, ಅವರ ಹೆಸರಿನಲ್ಲೇ ಒಂದು ಪೇಟೆಂಟ್ ಇತ್ತು. ಕೇಸು ಮುಗಿದ ಮೇಲೆ ಟಿವಿಯವರಿಗೆ ಅವರೇ ಹೇಳಿದ್ದು ಇದು: ಮೊದಲ ದಿನ ಒಂದು ಪೇಟೆಂಟ್ ಮೇಲೆ ಚರ್ಚೆ ಕಗ್ಗಂಟಾಯಿತು. ಆಪಲ್‌ಗಿಂತ ಮೊದಲೇ ಇಂಥದ್ದನ್ನು ಬೇರೆಯವರು ಮಾಡಿದ್ದರಾ ಅನ್ನೋ ಪ್ರಶ್ನೆ. ರಾತ್ರಿ ಮನೆಗೆ ಹೋಗಿ, ಇದು ನನ್ನದೇ ಪೇಟೆಂಟ್ ಆಗಿದ್ದರೆ ಹೇಗೆ ಉಳಿಸಿಕೊಳ್ತಿದ್ದೆ ಅಂತ ಯೋಚಿಸಿದಾಗ ಅವರಿಗೆ ಥಟ್ಟನೆ ಹೊಳೆಯಿತಂತೆ. ಮಾರನೇ ದಿನ ಉಳಿದವರಿಗೆ ವಿವರಿಸಿದರು, ಕಗ್ಗಂಟು ಬಿಚ್ಚಿತು. ಹಳೇ ಯಂತ್ರದ ಸಾಫ್ಟ್‌ವೇರು ಹೊಸ ಯಂತ್ರದಲ್ಲಿ ಓಡಲ್ಲ, ಹಾಗಾಗಿ ಅದು ಲೆಕ್ಕಕ್ಕೆ ಬರಲ್ಲ ಅನ್ನೋದು ಅವರ ವಾದ. ಪೇಟೆಂಟ್ ಗೊತ್ತಿದ್ದವರು ಅದನ್ನು ಕೇಳಿ ತಲೆ ಮೇಲೆ ಕೈ ಹೊತ್ತರು. ಕಾನೂನು ಕೇಳೋ ಪ್ರಶ್ನೆ ಅದಲ್ಲವೇ ಅಲ್ಲ.

ತುಂಗಾತೀರ · ಭಾನುವಾರ ರಾತ್ರಿ

ಆದರೆ ಅವರು ಗುಟ್ಟಾಗಿ ಏನೂ ಮಾಡಲಿಲ್ಲವಲ್ಲ ಸರ್? ಗೊತ್ತಿದ್ದದ್ದನ್ನು ಹೇಳಿದರು. ಜ್ಯೂರಿಯಲ್ಲಿ ಬುದ್ಧಿವಂತರು ಇರಬಾರದಾ? ನಾನು ಬೆಂಗಳೂರಿನಲ್ಲಿ ಕಾನೂನು ಓದ್ತಿದ್ದೀನಿ, ಇದು ನಿಜವಾದ ಸಂದೇಹ.

ಚಿಪ್ಪುಗಾರ · ಸೋಮವಾರ ಬೆಳಿಗ್ಗೆ

ಕಥೆ ಅರ್ಧ ಆಗಿದೆ ಅಷ್ಟೇ, ಕೇಳಿ.

ಆಯ್ಕೆ ಮಾಡುವಾಗ ಜಡ್ಜ್ ಎಲ್ಲರನ್ನೂ ಕೇಳಿದ್ದರು: ನೀವಾಗಲಿ, ಮನೆಯವರಾಗಲಿ, ಹತ್ತಿರದವರಾಗಲಿ ಯಾವುದಾದರೂ ದಾವೆಯಲ್ಲಿ ಇದ್ದಿರಾ? ಅವರು ಒಂದು ದಾವೆಯ ಬಗ್ಗೆ ಹೇಳಿದರು. ಇನ್ನೊಂದನ್ನು ಹೇಳಲಿಲ್ಲ. 1993ರಲ್ಲಿ ಅವರ ಹಳೇ ಕಂಪನಿ ಸೀಗೇಟ್ ಒಂದು ಸಾಲದ ವಿಚಾರದಲ್ಲಿ ಅವರ ಮೇಲೆ ದಾವೆ ಹಾಕಿತ್ತು, ಅವರು ದಿವಾಳಿ ಅರ್ಜಿಯನ್ನೂ ಹಾಕಬೇಕಾಯಿತು. 2011ರಲ್ಲಿ ಸ್ಯಾಮ್‌ಸಂಗ್ ತನ್ನ ಹಾರ್ಡ್‌ಡಿಸ್ಕ್ ವ್ಯವಹಾರವನ್ನು ಅದೇ ಸೀಗೇಟ್‌ಗೆ ಮಾರಿ, ಅದರಲ್ಲಿ ದೊಡ್ಡ ಪಾಲುದಾರ ಆಗಿತ್ತು. ತೀರ್ಪು ಬಂದ ಮೇಲೆ ಸ್ಯಾಮ್‌ಸಂಗ್ ವಕೀಲರು ಇದನ್ನೆಲ್ಲ ಅಗೆದು ತೆಗೆದು, ಹೊಸ ವಿಚಾರಣೆ ಬೇಕು ಅಂದರು. ಒಂದು ದಾವೆ ಬಗ್ಗೆ ಕೇಳಿದರು, ಹೇಳಿದೆ, ಮುಂದೆ ಕೇಳಲಿಲ್ಲ ಅನ್ನೋದು ಫೋರ್‌ಮನ್ ಉತ್ತರ.

ಅವರಿಗೆ ಸ್ಯಾಮ್‌ಸಂಗ್ ಮೇಲೆ ಹಗೆ ಇತ್ತು ಅಂತ ನಾನು ಹೇಳ್ತಿಲ್ಲ. ಹತ್ತೊಂಬತ್ತು ವರ್ಷದ ಹಿಂದಿನ ಕಹಿ ಮರೆತೇ ಹೋಗಿರಬಹುದು. ಆದರೆ ಆ ಉತ್ತರ ಪೂರ್ತಿ ಬಂದಿದ್ದರೆ ಎದುರಿನ ವಕೀಲರು ಇನ್ನೆರಡು ಪ್ರಶ್ನೆ ಕೇಳುತ್ತಿದ್ದರು. ಅವರ ಪೇಟೆಂಟ್ ಬಗ್ಗೆ, ಹಳೇ ಕೆಲಸದ ಬಗ್ಗೆ. ಬೇಡ ಅನ್ನಿಸಿದರೆ ಮನೆಗೆ ಕಳಿಸುತ್ತಿದ್ದರು. ಆ ಅವಕಾಶ ಅವರಿಗೆ ಸಿಗಲೇ ಇಲ್ಲ. ನನಗೆ ನೋವಾಗೋದು ಅಲ್ಲಿ.

ಆ 2012ರ ಡಿಸೆಂಬರ್ 17ಕ್ಕೆ ಜಡ್ಜ್ ಅರ್ಜಿ ತಳ್ಳಿಹಾಕಿದರು. ಸೀಗೇಟ್‌ನಲ್ಲಿ ಕೆಲಸ ಮಾಡಿದ್ದೆ ಅಂತ ಆತ ಅವತ್ತೇ ಹೇಳಿದ್ದರಲ್ಲ, ಹುಡುಕಬೇಕಿದ್ದರೆ ನೀವು ಅವತ್ತೇ ಹುಡುಕಬೇಕಿತ್ತು ಅಂತ.

ಹಳೇ ಕರಿಕೋಟು · ಸೋಮವಾರ ಸಂಜೆ

ತಂಗಿ, ನಮಸ್ಕಾರ. ಧಾರವಾಡದಾಗ ಮೂವತ್ತೆಂಟು ವರ್ಷ ವಕೀಲಕಿ ಮಾಡೇನಿ, ಈಗ ಮನ್ಯಾಗ ಇದ್ದೀನಿ. ಅಮೆರಿಕಾದ ಕಾನೂನು ನನ್ನ ಹೊಟ್ಟಿ ತುಂಬಿಸಿದ್ದಲ್ಲ, ಆದ್ರ ಮಗಳು ಅಲ್ಲಿ ಇರೋದ್ರಿಂದ ಓದೋ ಚಟ ಹತ್ತೇದ.

ತುಂಗಾತೀರ ತಮ್ಮ ಛಲೋ ಪ್ರಶ್ನಿ ಕೇಳ್ಯಾನ. ಬುದ್ಧಿವಂತ ಇರಬಾರದು ಅಂತಲ್ಲಪಾ. ಸಾಕ್ಷಿ ಕಟ್ಟೀ ಮ್ಯಾಲ ನಿಂತು ತಜ್ಞ ಒಂದು ಮಾತು ಹೇಳಿದ್ರ, ಎದುರಿನ ವಕೀಲ ಎದ್ದು ನಿಂತು ಆ ಮಾತನ್ನ ಹಿಂಜಿ ಹತ್ತಿ ಮಾಡ್ತಾನ. ಪಾಟಿ ಸವಾಲು ಅಂದ್ರ ಅದ. ಅದ ಮಾತನ್ನ ಬಾಗಿಲಾ ಹಾಕಿದ ಖೋಲ್ಯಾಗ ಒಬ್ಬ ಜ್ಯೂರರ್ ಹೇಳಿದ್ರ ಯಾರು ಸವಾಲು ಮಾಡೋರು? ಜಡ್ಜ್ ಇಲ್ಲ, ವಕೀಲ ಇಲ್ಲ, ಬರಕೊಳ್ಳೋ ಗುಮಾಸ್ತ ಇಲ್ಲ. ಉಳಿದವ್ರಿಗೆ ಇವನ ಮಾಸ್ತರ ಆಗಿಬಿಡ್ತಾನ.

ಮತ್ತ ಆ ಬಾಗಿಲಾ ತೀರ್ಪು ಬಂದ ಮ್ಯಾಲೂ ತೆರಿಯೂದಿಲ್ಲ. 1785ರಾಗ ಇಂಗ್ಲೆಂಡಿನ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಮುಂದ ಒಂದು ಪ್ರಕರಣ ಬಂತು. ನಾವು ಚೀಟಿ ಹಾರಿಸಿದಂಗ ಮಾಡಿ ತೀರ್ಪು ಕೊಟ್ಟೀವಿ ಅಂತ ಇಬ್ಬರು ಜ್ಯೂರರು ಅಫಿಡವಿಟ್ ಕೊಟ್ಟರು. ಜ್ಯೂರರ ಬಾಯಿಂದ ಜ್ಯೂರಿ ಖೋಲಿ ಸುದ್ದಿ ಕೇಳಾಕ ಬರೂದಿಲ್ಲ ಅಂದ ಆ ಜಡ್ಜ್. ಅದ ತತ್ವ ಇವತ್ತು ಅಮೆರಿಕಾದ ಫೆಡರಲ್ ಸಾಕ್ಷ್ಯ ನಿಯಮ 606(ಬಿ). ಹೊರಗಿನಿಂದ ಯಾರರ ಲಂಚ ಕೊಟ್ಟಿದ್ರ, ಧಮಕಿ ಹಾಕಿದ್ರ, ಕೋರ್ಟಿನಾಗ ಇಲ್ಲದ ಕಾಗದ ಒಳಗ ಬಂದಿದ್ರ, ಫಾರಂ ತುಂಬೋದ್ರಾಗ ಕೈತಪ್ಪು ಆಗಿದ್ರ ಅಷ್ಟ ಕೇಳ್ತಾರ. ಒಳಗ ಯಾರು ಏನು ಅಂದ್ರು, ಯಾರು ಯಾರ ಮನಸ್ಸು ತಿರುಗಿಸಿದ್ರು ಅನ್ನೋದನ್ನ ಕೇಳೂದಿಲ್ಲ.

ಎಷ್ಟು ಬಿಗಿ ಅಂದ್ರ, 1987ರ ಟ್ಯಾನರ್ ಪ್ರಕರಣದಾಗ ಜ್ಯೂರರು ಮಧ್ಯಾಹ್ನ ಕುಡಿದು ಬರ್ತಿದ್ರು, ಗಾಂಜಾ ಕೊಕೇನ್ ತಗೋತಿದ್ರು, ವಿಚಾರಣಿ ನಡೆದಾಗ ನಿದ್ದಿ ಹೊಡೀತಿದ್ರು ಅಂತ ದೂರು. ಅದನ್ನ ಹೇಳಾಕ ಜ್ಯೂರರೇ ಮುಂದ ಬಂದಿದ್ರು. ಸುಪ್ರೀಂ ಕೋರ್ಟು ಅವರ ಮಾತು ಒಳಗ ಬಿಡಲಿಲ್ಲ. 2017ರಾಗ ಒಂದ ಒಂದು ಕಿಟಕಿ ತೆರದಾರ: ಜನಾಂಗದ ದ್ವೇಷದ ಮ್ಯಾಲೆ ತೀರ್ಪು ಕೊಟ್ಟೀನಿ ಅಂತ ಜ್ಯೂರರ್ ಬಾಯಿಬಿಟ್ಟು ಹೇಳಿದ್ದಿದ್ರ, ಕ್ರಿಮಿನಲ್ ಪ್ರಕರಣದಾಗ ಅದನ್ನ ಕೇಳಬಹುದು.

ನಮ್ಮ ದೇಶದಾಗ ಜ್ಯೂರಿ ಹೋತು. 1959ರ ನಾನಾವತಿ ಖೂನಿ ಪ್ರಕರಣ ಎಲ್ಲಾರಿಗೂ ಗೊತ್ತು, ಮುಂಬಯಿ ಜ್ಯೂರಿ 8-1ರಿಂದ ನಿರ್ದೋಷಿ ಅಂತು, ಸೆಷನ್ಸ್ ಜಡ್ಜ್ ಅದನ್ನ ಒಪ್ಪದ ಹೈಕೋರ್ಟಿಗೆ ಕಳಿಸಿದ. ಈಗ ಪಾರ್ಸಿ ಮಂದಿಯ ಮದುವಿ ಪ್ರಕರಣದಾಗ ಮಾತ್ರ ಪ್ರತಿನಿಧಿಗಳು ಕೂಡ್ತಾರ. ನಮ್ಮ ಜಡ್ಜ್ ತಪ್ಪು ತೀರ್ಪು ಕೊಡಬಹುದು, ಹತ್ತು ವರ್ಷ ತಡಾನೂ ಮಾಡಬಹುದು, ತಂಗಿಯ ತಂದೀ ಚಪ್ಪಲಿ ಸವೆದದ್ದು ಸುಳ್ಳಲ್ಲ. ಆದ್ರ ಯಾಕ ಅಂತ ಅವ ಬರೀಲಿಕ್ಕೇ ಬೇಕು. ನಲವತ್ತು ಪುಟದ ತೀರ್ಪಿನಾಗ ಎಲ್ಲಿ ಎಡವ್ಯಾನ ಅಂತ ಬೆರಳಿಟ್ಟು ತೋರಿಸಿ ನಾವು ಅಪೀಲಿಗೆ ಹೋಗ್ತೀವಿ. ಜ್ಯೂರಿ ಕಾರಣ ಬರೆಯೂದಿಲ್ಲ. ಹೌದು, ಇಲ್ಲ, ಇಷ್ಟು ರೊಕ್ಕ. ಮುಗೀತು.

ರಾಗಿಮುದ್ದೆ ನ್ಯೂಜೆರ್ಸಿ · ಸೋಮವಾರ ರಾತ್ರಿ

ಆಪಲ್ ಕೇಸಿನ ಫೋರ್‌ಮನ್ ವಿಷಯದಲ್ಲಿ ನನಗೆ ಅಯ್ಯೋ ಅನ್ನಿಸುತ್ತೆ. ಆದರೆ ಮೊಗ್ಗಿನಜಡೆ ಅವರು ಕೇಳಿದ್ದು ಬೇಕೆಂದೇ ಒಳಗೆ ಬಂದವರ ಬಗ್ಗೆ. ಅದೂ ಆಗಿದೆ, ನಮ್ಮ ಕಡೆ, ಮ್ಯಾನ್‌ಹಟನ್‌ನಲ್ಲಿ. ನಾನು ಅಕೌಂಟೆಂಟ್, ಈ ಕೇಸನ್ನು ಮೊದಲಿಂದ ಕೊನೆವರೆಗೆ ಓದಿದ್ದೀನಿ.

ಜೆಂಕೆನ್ಸ್ ಅಂಡ್ ಗಿಲ್‌ಕ್ರಿಸ್ಟ್ ಅಂತ ಟೆಕ್ಸಾಸ್‌ನ ದೊಡ್ಡ ವಕೀಲರ ಸಂಸ್ಥೆ ಇತ್ತು. ಅಲ್ಲಿನ ಪಾಲ್ ಡೌಗರ್ಡಾಸ್ ಮತ್ತು ಜೊತೆಗಾರರು ಶ್ರೀಮಂತರಿಗೆ ತೆರಿಗೆ ತಪ್ಪಿಸೋ ಯೋಜನೆಗಳನ್ನು ಮಾರುತ್ತಿದ್ದರು. ಕಾಗದದ ಮೇಲೆ ಹುಟ್ಟಿಸಿದ ಸುಳ್ಳು ನಷ್ಟ 700 ಕೋಟಿ ಡಾಲರ್‌ಗೂ ಮೇಲು ಅಂತ ಸರಕಾರದ ಆರೋಪ. 2007ರಲ್ಲಿ ಸಂಸ್ಥೆಯೇ ಮುಚ್ಚಿತು. 2011ರ ಮಾರ್ಚ್‌ನಲ್ಲಿ ಐದು ಜನರ ಮೇಲೆ ವಿಚಾರಣೆ ಶುರು: ವಕೀಲರು, ಒಂದು ದೊಡ್ಡ ಅಕೌಂಟಿಂಗ್ ಸಂಸ್ಥೆಯ ಮಾಜಿ ಮುಖ್ಯಸ್ಥ, ಡಾಯಿಷ್ ಬ್ಯಾಂಕಿನಲ್ಲಿದ್ದ ಇಬ್ಬರು. ಮೇ 24ಕ್ಕೆ ನಾಲ್ವರು ತಪ್ಪಿತಸ್ಥರು, ಒಬ್ಬರು ಖುಲಾಸೆ.

ಜ್ಯೂರಿಯ ಮೊದಲ ಸೀಟಿನಲ್ಲಿ ಒಬ್ಬ ಹೆಂಗಸು. ಓದಿರೋದು ಬಿಎ, ಮನೇಲೇ ಇರ್ತೀನಿ ಅಂತ ಆಯ್ಕೆಯ ದಿನ ಪ್ರಮಾಣ ಮಾಡಿ ಹೇಳಿದ್ದಳು. ತೀರ್ಪು ಬಂದ ಮೇಲೆ ಪ್ರಾಸಿಕ್ಯೂಟರ್‌ಗೆ ಒಂದು ಕಾಗದ ಬರೆದಳು. ನಿಮ್ಮ ತಂಡ ಬಹಳ ಚೆನ್ನಾಗಿ ವಾದ ಮಾಡಿತು ಅಂತ ಹೊಗಳಿ, ಒಬ್ಬ ಬ್ರೋಕರ್ ಮೇಲಿನ ಒಂದು ಆರೋಪದಲ್ಲಿ ಉಳಿದವರೆಲ್ಲ ಬೇಡ ಅಂದರೂ ಅವನು ತಪ್ಪಿತಸ್ಥ ಅಂತ ನಾನೊಬ್ಬಳೇ ಎರಡು ದಿನ ಪಟ್ಟು ಹಿಡಿದಿದ್ದೆ, ಕೊನೆಗೆ ಬಿಡಬೇಕಾಯಿತು ಅಂತ ಬರೆದಿದ್ದಳು. ಆ ಕಾಗದವನ್ನು ಸರಕಾರದವರು ಎದುರು ಪಕ್ಷಕ್ಕೂ ತೋರಿಸಿದರು. ತೋರಿಸಿದ್ದು ದೊಡ್ಡತನ ಅಂತಲೇ ನಾನು ಹೇಳೋದು. ಅಲ್ಲಿಂದ ಎಲ್ಲ ಬಿಚ್ಚಿಕೊಂಡಿತು. ಆಕೆ ವಕೀಲೆ! ವಕೀಲಿಕೆಯ ಲೈಸೆನ್ಸ್ ಅಮಾನತಾಗಿದ್ದವಳು. ವಾಸದ ವಿಳಾಸ, ಓದು, ಗಂಡನ ವಿಚಾರ ಹೇಳಿದ್ದೆಲ್ಲ ಸುಳ್ಳು.

ಯಾರೂ ದುಡ್ಡು ಕೊಟ್ಟಿರಲಿಲ್ಲ, ಯಾವ ಕಂಪನಿಯೂ ಕಳಿಸಿರಲಿಲ್ಲ. 2012ರ ಫೆಬ್ರವರಿಯಲ್ಲಿ ವಿಚಾರಣೆಗೆ ಕರೆದಾಗ ಮೊದಲು ಬಾಯಿ ಬಿಡಲಿಲ್ಲ. ಶಿಕ್ಷೆಯಿಂದ ರಕ್ಷಣೆ ಕೊಟ್ಟ ಮೇಲೆ ಹೇಳಿದಳು. ನಿಜ ಹೇಳಿದ್ದರೆ ಯಾರೂ ನನ್ನನ್ನು ತಗೋತಿರಲಿಲ್ಲ, ತಗೊಳ್ಳೋ ಹಾಗೆ ಕಾಣಬೇಕಿತ್ತು, ಅದಕ್ಕೆ ಸುಳ್ಳು ಹೇಳಿದೆ ಅಂತ. ಆ ಜ್ಯೂರಿಯಲ್ಲಿ ಕೂರಬೇಕು ಅನ್ನೋ ಆಸೆ, ಅಷ್ಟೇ.

ಜಡ್ಜ್ ವಿಲಿಯಂ ಪಾಲಿ ಮೂವರಿಗೆ ಹೊಸ ವಿಚಾರಣೆ ಕೊಟ್ಟರು. ನಾಲ್ಕನೆಯವನಿಗೆ, ಅಂದರೆ ಆಕೆ ಪಟ್ಟು ಹಿಡಿದಿದ್ದಳಲ್ಲ ಅದೇ ಬ್ರೋಕರ್‌ಗೆ, ಕೊಡಲಿಲ್ಲ. ಕಾರಣ ಅವನ ವಕೀಲರು. ಅವರು ವಿಚಾರಣೆ ನಡೆಯುವಾಗಲೇ ಆಕೆಯ ಹೆಸರನ್ನು ಇಂಟರ್‌ನೆಟ್‌ನಲ್ಲಿ ಹುಡುಕಿದ್ದರು. ಅದೇ ಹೆಸರಿನ ಅಮಾನತಾದ ವಕೀಲೆ ಇರೋದು ಕಣ್ಣಿಗೆ ಬಿದ್ದಿತ್ತು. ಆಮೇಲೊಂದು ದಿನ ಆಕೆ ಜಡ್ಜ್‌ಗೆ ಕಳಿಸಿದ ಚೀಟಿಯಲ್ಲಿ 'ರೆಸ್ಪಾಂಡಿಯಾಟ್ ಸುಪೀರಿಯರ್' ಅನ್ನೋ ಪದ ಇತ್ತು. ನೌಕರ ಮಾಡಿದ್ದಕ್ಕೆ ಯಜಮಾನ ಹೊಣೆ ಅನ್ನೋದಕ್ಕೆ ಕಾನೂನಿನವರು ಬಳಸೋ ಲ್ಯಾಟಿನ್ ಮಾತು. ಮನೇಲಿರೋ ಬಿಎ ಓದಿದವರಿಗೆ ಅದೆಲ್ಲಿಂದ ಬಂತು? ವಕೀಲರಿಗೆ ಆಗ ಮತ್ತೆ ಸಂಶಯ ಬಂತು. ಆದರೂ ಪ್ರಮಾಣ ಮಾಡಿ ಹೇಳಿದ್ದಾಳಲ್ಲ, ಬೇರೆ ಯಾರೋ ಇರಬೇಕು ಅಂತ ಸುಮ್ಮನಾದರು. ವಕೀಲರು ಸುಮ್ಮನಿದ್ದ ತಪ್ಪಿಗೆ ಕಕ್ಷಿದಾರ ಒಳಗೆ ಹೋಗಬೇಕಾ? 2015ರಲ್ಲಿ ಮೇಲ್ಮನವಿ ಕೋರ್ಟು ಅವನ ಶಿಕ್ಷೆಯನ್ನೂ ರದ್ದು ಮಾಡಿತು.

ಇದರಲ್ಲಿ ನನ್ನ ಕರುಳು ಹಿಂಡಿದ್ದು ಒಂದೇ ಸಂಗತಿ. ಎರಡನೇ ವಿಚಾರಣೆ 2013ರಲ್ಲಿ ನಡೆಯಿತು. ಡೌಗರ್ಡಾಸ್ ಮತ್ತೆ ತಪ್ಪಿತಸ್ಥ ಅಂತಾಯಿತು, 15 ವರ್ಷ ಶಿಕ್ಷೆ ಬಿತ್ತು. ಆ ಅಕೌಂಟಿಂಗ್ ಸಂಸ್ಥೆಯ ಮಾಜಿ ಮುಖ್ಯಸ್ಥ ಇದ್ದನಲ್ಲ, ಅವನು ನಿರ್ದೋಷಿ ಅಂತ ಬಿಡುಗಡೆ ಆದ. ಅದೇ ಆರೋಪ, ಬೇರೆ ಹನ್ನೆರಡು ಜನ. ಮೊದಲನೇ ಸಲ ಆಕೆ ಆ ಕುರ್ಚಿಯಲ್ಲಿ ಇರದಿದ್ದರೆ ಏನಾಗ್ತಿತ್ತು ಅಂತ ಯಾರೂ ಹೇಳಲಾರರು. ಆ ಮನುಷ್ಯ ಒಂದು ವರ್ಷ ಅಪರಾಧಿ ಅನ್ನಿಸಿಕೊಂಡು ಬದುಕಿದ್ದಂತೂ ನಿಜ.

ಮೊಗ್ಗಿನಜಡೆ · ಮಂಗಳವಾರ ಬೆಳಿಗ್ಗೆ

ರಾತ್ರಿ ಇದನ್ನೆಲ್ಲ ಯಜಮಾನರಿಗೂ ಓದಿ ಹೇಳಿದೆ. ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ನನ್ನ ಮೇಲೆ ಯಾವ ದಾವೆಯೂ ಇಲ್ಲ ಅಂದುಕೊಂಡಿದ್ದೆ. ಆಗ ಇವರು ನೆನಪಿಸಿದರು. ಇಲ್ಲಿಗೆ ಬಂದ ಹೊಸತರಲ್ಲಿ ಮನೆ ಓನರ್ ಡಿಪಾಸಿಟ್ ವಾಪಸ್ ಕೊಡಲಿಲ್ಲ ಅಂತ ಸ್ಮಾಲ್ ಕ್ಲೇಮ್ಸ್ ಕೋರ್ಟಿಗೆ, ಅಂದರೆ ಸಣ್ಣ ಮೊತ್ತದ ದಾವೆಗಳ ಕೋರ್ಟಿಗೆ, ಹೋಗಿದ್ದೆವು. ಪೂರ್ತಿ ಮರೆತೇ ಹೋಗಿತ್ತು! ಆಪಲ್ ಕೇಸಿನ ಫೋರ್‌ಮನ್ ಬಗ್ಗೆ ರಾತ್ರಿಯೆಲ್ಲ ಏನೇನೋ ಅಂದುಕೊಂಡಿದ್ದೆ, ಈಗ ಅಷ್ಟು ಸುಲಭವಾಗಿ ಅನ್ನೋಕೆ ಆಗ್ತಿಲ್ಲ.

ತುಂಗಾತೀರ · ಮಂಗಳವಾರ ಮಧ್ಯಾಹ್ನ

ಹಾಗಾದರೆ ಲಂಚ ಕೊಟ್ಟು ಕೂರಿಸಿದ್ದು ಎಲ್ಲೂ ಇಲ್ವಾ?

ಹಳೇ ಕರಿಕೋಟು · ಮಂಗಳವಾರ ರಾತ್ರಿ

ಅದಾವಪಾ. ಕಾರ್ಮಿಕ ನಾಯಕ ಜಿಮ್ಮಿ ಹೋಫಾ ಹೆಸರು ಕೇಳಿರಬೇಕು. ಟೆಸ್ಟ್ ಫ್ಲೀಟ್ ಅಂತ ಲಾರಿ ಬಾಡಿಗಿ ಕಂಪನಿ ಕಡೆಯಿಂದ ಅವನ ಕಡ್ಯಾವ್ರಿಗೆ ರೊಕ್ಕ ಹೋತು ಅನ್ನೋ ಪ್ರಕರಣ, 1962, ನ್ಯಾಶ್‌ವಿಲ್. ಜ್ಯೂರಿ 7-5 ಅಂತ ಒಡದು ತೀರ್ಪ ಬರಲಿಲ್ಲ. ಆಮ್ಯಾಲೆ ಗೊತ್ತಾತು, ಜ್ಯೂರರ ಹತ್ತಿರ ಮಂದಿ ಹೋಗಿದ್ರು. ಒಬ್ಬಾಕಿ ಜ್ಯೂರರ್ ಗಂಡ ಹೆದ್ದಾರಿ ಪೊಲೀಸ. ಅವನಿಗೆ ಬಡ್ತಿ ಕೊಡಿಸ್ತೀವಿ ಅಂತ ಆಸೆ ತೋರಿಸಿದ್ರು. 1964ರಾಗ ಜ್ಯೂರಿ ಕೆಡಿಸಿದ್ದಕ್ಕ ಹೋಫಾಗ 8 ವರ್ಷ ಶಿಕ್ಷಾ ಆತು.

ಗಮನಿಸ್ರಿ, ಮನೀ ಮಂದಿ ಕಡೆಯಿಂದ ಬಂದಾರ ಅವ್ರು. ತಂಗಿ, ನಿಮ್ಮನ್ನ ಆರಿಸಿದ್ರ ಯಜಮಾನ್ರಿಗೂ ಹೇಳಿ ಇಡ್ರಿ.

ಚಿಪ್ಪುಗಾರ · ಮಂಗಳವಾರ ರಾತ್ರಿ

ಇನ್ನೊಂದು ಮಾತು. ಕಂಪನಿಗಳು ಜ್ಯೂರರನ್ನು ಒಳಗೆ ಕಳಿಸೋದಕ್ಕಿಂತ, ಬಂದವರಲ್ಲಿ ಬೇಡದವರನ್ನು ಹೊರಗೆ ಹಾಕೋದಕ್ಕೆ ದುಡ್ಡು ಸುರೀತಾರೆ. ಅದಕ್ಕೇ ಅಂತ ಸಲಹೆಗಾರರಿದ್ದಾರೆ. ಫೆಡರಲ್ ಸಿವಿಲ್ ಕೇಸಿನಲ್ಲಿ ಒಂದೊಂದು ಪಕ್ಷ ಮೂವರನ್ನು ಕಾರಣ ಹೇಳದೆ ತೆಗೆಯಬಹುದು. ಅದಕ್ಕಾಗಿ ನಿಮ್ಮ ಫೇಸ್‌ಬುಕ್, ಲಿಂಕ್ಡ್‌ಇನ್ ಎಲ್ಲ ನೋಡ್ತಾರೆ. 2016ರಲ್ಲಿ ಒರೇಕಲ್-ಗೂಗಲ್ ಕೇಸಿನಲ್ಲಿ ಜಡ್ಜ್ ವಿಲಿಯಂ ಆಲ್ಸಪ್ ಎರಡೂ ಕಡೆಯವರಿಗೆ ಜ್ಯೂರರ ಖಾಸಗಿ ಬದುಕು ಇಂಟರ್‌ನೆಟ್‌ನಲ್ಲಿ ಕೆದಕಬೇಡಿ ಅಂತ ಕೇಳಿಕೊಂಡರು, ಇಬ್ಬರೂ ಒಪ್ಪಿದರು. ಎಲ್ಲ ಕಡೆ ಹಾಗಿರಲ್ಲ. ಈ ಚರ್ಚೆಯಲ್ಲೂ ನಿಮ್ಮ ಗುರುತು ಬಿಟ್ಟುಕೊಡಬೇಡಿ ಅಕ್ಕ.

ಮೊಗ್ಗಿನಜಡೆ · ಗುರುವಾರ ರಾತ್ರಿ

ಆಯ್ಕೆ ಆದೆ. ಎರಡು ಕಂಪನಿಗಳ ನಡುವಿನ ಕೇಸು, ಇನ್ನೇನೂ ಹೇಳೋ ಹಾಗಿಲ್ಲ. ಡಿಪಾಸಿಟ್ ಕೇಸು ಹೇಳಿದೆ. ಇಂಥ ಪುಟ್ಟ ವಿಷಯ ಹೇಳ್ತಾಳಲ್ಲ ಅಂತ ಜಡ್ಜ್ ಬೈತಾರೇನೋ ಅಂದುಕೊಂಡಿದ್ದೆ. ಅವರು ಬರೆದುಕೊಂಡರು, ಒಬ್ಬ ವಕೀಲರು ಎರಡು ಪ್ರಶ್ನೆ ಕೇಳಿದರು, ಮುಗೀತು. ನಾಳೆಯಿಂದ ಈ ಪುಟ ನೋಡಲ್ಲ. ಯಾರೂ ನನಗೆ ಮೆಸೇಜ್ ಮಾಡಬೇಡಿ ದಯವಿಟ್ಟು.

ಹಳೇ ಕರಿಕೋಟು · ಶುಕ್ರವಾರ ಬೆಳಿಗ್ಗೆ

ಶಾಣ್ಯಾಕಿ. ಉಳಿದವ್ರೂ ಆಕಿ ಬರೋತನಕ ಇಲ್ಲಿ ಏನೂ ಬರೀಬ್ಯಾಡ್ರಿ.

ಮೊಗ್ಗಿನಜಡೆ · ಹನ್ನೊಂದು ದಿನದ ನಂತರ

ಎಲ್ಲರಿಗೂ ಮತ್ತೆ ನಮಸ್ಕಾರ. ಕೇಸು ಮುಗಿಯಿತು. ಇನ್ನು ಮಾತಾಡಬಹುದು ಅಂತ ಜಡ್ಜೇ ಹೇಳಿ ಕಳಿಸಿದ್ದಾರೆ. ಆದರೂ ಕಂಪನಿ ಹೆಸರು, ಊರು ಬರೆಯಲ್ಲ.

ನಾವು ತೀರ್ಪು ಕೊಡಲೇ ಇಲ್ಲ. ಐದನೇ ದಿನ ಬೆಳಿಗ್ಗೆ ನಮ್ಮನ್ನು ಒಂದು ಗಂಟೆ ಕೋಣೆಯಲ್ಲೇ ಕೂರಿಸಿದರು. ಆಮೇಲೆ ಜಡ್ಜ್ ಕರೆದು, ಎರಡೂ ಕಡೆಯವರು ರಾತ್ರಿ ರಾಜಿ ಮಾಡಿಕೊಂಡಿದ್ದಾರೆ, ನೀವಿಲ್ಲಿ ಕೂತಿದ್ದರಿಂದಲೇ ಅದು ಆಗಿದ್ದು ಅಂತ ಹೇಳಿ ಕೈಮುಗಿದ ಹಾಗೆ ತಲೆ ಬಾಗಿಸಿದರು. ನನ್ನ ನೋಟ್‌ಬುಕ್‌ನಲ್ಲಿ ಮೂವತ್ತೊಂದು ಪುಟ ಬರೆದಿದ್ದೆ, ಕೆಲವು ಸಾಲು ಕನ್ನಡದಲ್ಲೂ. ಗುಮಾಸ್ತರು ಎಲ್ಲ ನೋಟ್‌ಬುಕ್ ಒಟ್ಟು ಮಾಡಿ ಚೂರು ಮಾಡೋಕೆ ತಗೊಂಡು ಹೋದರು. ದಿನಕ್ಕೆ 50 ಡಾಲರ್ ಭತ್ಯೆಯ ಚೆಕ್ ಅಂಚೆಯಲ್ಲಿ ಬರುತ್ತಂತೆ.

ನಿಮಗೆ ಹೇಳಬೇಕಾಗಿರೋದು ಮೂರನೇ ದಿನ ನಡೆದದ್ದು. ಬೆಳಿಗ್ಗೆಯಿಂದ ಇಬ್ಬರು ತಜ್ಞರು ಒಂದು ಚಿಪ್ಪಿನ ಒಳಗೆ ಡೇಟಾ ಹೇಗೆ ಓಡಾಡುತ್ತೆ ಅಂತ ವಿವರಿಸಿದ್ದರು. ಒಬ್ಬರು ಒಂದು ಹೇಳಿದರೆ ಇನ್ನೊಬ್ಬರು ಅದಕ್ಕೆ ಉಲ್ಟಾ. ನನಗೆ ತಲೆಬುಡ ಅರ್ಥ ಆಗಿರಲಿಲ್ಲ. ಹತ್ತೂವರೆಯ ಬಿಡುವಿನಲ್ಲಿ ಕಾಫಿ ಮೆಷಿನ್ ಹತ್ತಿರ ನಿಂತಿದ್ದೆವು. ನಮ್ಮಲ್ಲೊಬ್ಬರು ರಿಟೈರಾದ ಎಂಜಿನಿಯರ್, ಅಜ್ಜನ ವಯಸ್ಸು, ಬಹಳ ಮೃದು ಮಾತಿನವರು. ನಾನು ಮೊದಲ ದಿನ ದಾರಿ ತಪ್ಪಿ ಒದ್ದಾಡುವಾಗ ಕೈ ಹಿಡಿದು ಕರಕೊಂಡು ಬಂದವರು. ಅವರು ಜೇಬಿನಿಂದ ಪೆನ್ ತೆಗೆದು ಪೇಪರ್ ನ್ಯಾಪ್‌ಕಿನ್ ಮೇಲೆ ಮೂರು ಚೌಕ ಬರೆದರು, ನಡುವೆ ಎರಡು ಬಾಣ. "ಇಷ್ಟೇ ವಿಷಯ, ನಾನು ಇಪ್ಪತ್ತು ವರ್ಷ ಮಾಡಿದ ಕೆಲಸ ಇದು" ಅಂದರು. ಸುತ್ತ ಐದು ಜನ ಬಗ್ಗಿ ನೋಡಿದರು. ನಾನೂ ನೋಡಿದೆ. ಒಂದು ನಿಮಿಷದಲ್ಲಿ ನನಗೆ ಎಲ್ಲ ಅರ್ಥವಾಯಿತು! ಎಷ್ಟು ಹಗುರಾಯಿತು ಅಂದರೆ, ಕೃತಜ್ಞತೆಯಿಂದ ಕಣ್ಣು ತುಂಬಿ ಬಂತು.

ಆಗ ಈ ಪುಟ ನೆನಪಾಯಿತು. ವಕೀಲರು ಬರೆದಿದ್ದರಲ್ಲ, ಯಾರು ಸವಾಲು ಮಾಡೋರು ಅಂತ. "ಸರ್, ಇದು ಈಗ ಬೇಡ, ಜಡ್ಜ್ ಮಾತಾಡಬೇಡಿ ಅಂದಿದ್ದಾರೆ" ಅಂದೆ. ಕಾಲು ನಡುಗುತ್ತಿತ್ತು. ಅವರು ಸಿಟ್ಟಾಗಲಿಲ್ಲ. ಮುಖ ಕೆಂಪಾಯಿತು, "ಹೌದಲ್ಲ, ಕ್ಷಮಿಸಿ" ಅಂತ ನ್ಯಾಪ್‌ಕಿನ್ ಮಡಿಸಿ ಜೇಬಿಗೆ ಹಾಕಿಕೊಂಡರು. ಆಮೇಲೆ ಆ ವಿಷಯ ಎತ್ತಲಿಲ್ಲ.

ಇದನ್ನು ಗುಮಾಸ್ತರಿಗೆ ಹೇಳಬೇಕಿತ್ತಾ? ನಾನು ಹೇಳಲಿಲ್ಲ. ಅಷ್ಟು ಒಳ್ಳೆಯ ಮನುಷ್ಯರನ್ನು ಮನೆಗೆ ಕಳಿಸಿಬಿಡ್ತಾರೆ ಅನ್ನಿಸಿತು.

ಹಳೇ ಕರಿಕೋಟು · ಅದೇ ದಿನ

ತಂಗಿ, ಹೇಳಬೇಕಿತ್ತು. ನಿಮ್ಮ ಮನಸ್ಸು ನೋಯಿಸಬೇಕಂತ ಅಲ್ಲ. ಯಾರರ ಪ್ರಕರಣದ ಬಗ್ಗೆ ಮಾತಾಡಿದ್ರ ತಿಳಸ್ರಿ ಅಂತ ಜಡ್ಜ್ ಮೊದಲನೇ ದಿನಾನ ಹೇಳಿರ್ತಾರ. ಮನೀಗೆ ಕಳಸೂದು ಬಿಡೂದು ಅವರ ಕೆಲಸ. ಆ ಮೂರು ಚೌಕ ಸರಿ ಇದ್ವೋ ತಪ್ಪಿದ್ವೋ, ಸೋಲೋ ಕಂಪನಿಯವ್ರಿಗೆ ಅವು ಇದ್ವು ಅಂತ ಸುದ್ದಾ ಗೊತ್ತಾಗ್ತಿರಲಿಲ್ಲ. ಆದ್ರ ಅಷ್ಟು ಮಂದಿ ನಡುವ ಬ್ಯಾಡ ಅಂದ್ರಲ್ಲ, ಅದು ಸಣ್ಣ ಮಾತಲ್ಲ. ನನ್ನ ಮಗಳಿಗೂ ಇದನ್ನ ಓದಾಕ ಕಳಸೇನಿ.

ತುಂಗಾತೀರ · ಅದೇ ದಿನ

ಅಕ್ಕ, ಆ ಚೌಕಗಳು ಸರಿ ಇದ್ವಾ?

ಮೊಗ್ಗಿನಜಡೆ · ಅದೇ ದಿನ ರಾತ್ರಿ

ವಕೀಲರೇ, ಹೇಳಬೇಕಿತ್ತು ಅನ್ನೋದು ಒಪ್ಪಿದೆ. ಇನ್ನೊಮ್ಮೆ ಕರೆ ಬಂದರೆ ಹೇಳ್ತೀನಿ.

ತಮ್ಮಾ, ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ಇವತ್ತೂ ಕಣ್ಣು ಮುಚ್ಚಿ ಆ ಮೂರು ಚೌಕ, ಎರಡು ಬಾಣ ಬರೆದು ತೋರಿಸಬಲ್ಲೆ. ಆ ಇಬ್ಬರು ತಜ್ಞರು ದೊಡ್ಡ ಪರದೆ ಮೇಲೆ ಮೂರು ಗಂಟೆ ತೋರಿಸಿದ್ದರಲ್ಲಿ ಒಂದು ಚಿತ್ರವೂ ನೆನಪಿಲ್ಲ.